ಬಿಲ್ಲುಗಳ ಹಾಸು

ಬನಹಟ್ಟಿಯ ನಮ್ಮ ಓಣಿಯ ಸರ್ಕಾರಿ ಶಾಲೆಗೆ ಬರಬೇಕಿದ್ದ ಹೊಸ ಕೋಣೆಯ ಅನುದಾನ ಕಡಿತವಾಗಿದೆ ಎಂದು ಹೇಳಲು ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಪಾಲಕರ ಸಭೆಗೆ ಬಂದಿದ್ದರು. "ಇದು ತೆರಿಗಿ ಕಟ್ಟೋರ ರೊಕ್ಕರಿ, ಬೇಕಾದಂಗ ಖರ್ಚು ಮಾಡಾಕ ಬರಂಗಿಲ್ಲ," ಅಂದರು. ನೇಕಾರರೇ ತುಂಬಿದ್ದ ಆ ಸಭೆಯಲ್ಲಿ ನನಗೆ ಮೈ ಉರಿದುಹೋಯಿತು. "ಹಂಗಾರ ನಾವ್ಯಾರ್ರೀ?" ಎಂದು ಕೇಳಿದೆ. ಅವರು ನಕ್ಕು ಫೈಲು ಮಡಚಿದರು.

ಮುಂದಿನ ಸಭೆಗೆ ಓಣಿಯ ಹೆಂಗಸರೆಲ್ಲ ಮನೆಯಲ್ಲಿದ್ದ ಅಂಗಡಿಯ ಬಿಲ್ಲುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆವು. ನೂಲಿನದು, ಸಾಬೂನಿನದು, ಮಿಕ್ಸರಿನದು, ಎಲ್ಲದರಲ್ಲೂ ತೆರಿಗೆಯ ಸಾಲೊಂದು ಇತ್ತು. ಸೀರೆ ನೇಯುವ ಮೊದಲು ಉದ್ದೆಳೆಗಳ ಹಾಸನ್ನು ಬೀದಿಯುದ್ದ ಎಳೆಯುವ ಹಾಗೆಯೇ ಶಾಲೆಯ ಗೇಟಿನಿಂದ ಸಾಹೇಬರ ಕುರ್ಚಿಯವರೆಗೆ ನೂಲು ಎಳೆದು, ಹುರುಪಿನಲ್ಲಿ ಬಿಲ್ಲುಗಳನ್ನು ಪೋಣಿಸಿದೆವು. ಎಳೆ ಹರಿದಲ್ಲೆಲ್ಲ ನಮ್ಮತ್ತೆ ನೋಡದೆಯೇ ಗಂಟು ಹಾಕುತ್ತ ಬಂದರು.

ಸಾಹೇಬರು ಒಂದೊಂದನ್ನೇ ಓದುತ್ತ ಬಂದು ಕುರ್ಚಿಯಲ್ಲಿ ಕೂತರು. ನಾವಿಟ್ಟ ಬಿಸ್ಕೀಟನ್ನು ಬಾಯಿಗೆ ಹಾಕಿಕೊಂಡು, ಕೊನೆಯ ಬಿಲ್ಲು ಯಾವುದರದು ಎಂದು ಕೇಳಿದರು.

"ನೀವು ತಿನ್ನಾಕತ್ತೀರಲ್ರೀ, ಆ ಬಿಸ್ಕೀಟಿಂದು," ಅಂದರು ಅತ್ತೆ. "ಅದಕ್ಕೂ ತೆರಿಗಿ ನಾವ ಕಟ್ಟೇವ್ರಿ."