ಮೈಕಿನಲ್ಲಿ ಹೇಳಿದ ಒಡಪು

ಮಂಗಳೂರಿಗೆ ಹೋದಾಗ ನನಗೆ ಐವತ್ತಾರು. ಅದಾಗಿ ಹದಿನಾಲ್ಕು ವರ್ಷ ಆಯಿತು. ಮೊನ್ನೆ ನಮ್ಮ ವಿಜಾಪುರಕ್ಕೆ ಜಿಟಿಜಿಟಿ ಮಳೆ ಹಿಡಿದು ಬಿಡಲೇ ಇಲ್ಲ. ರೊಟ್ಟಿಯ ಬುಟ್ಟಿ ತೆಗೆದರೆ, ಖಟಕ್ ಎಂದು ಮುರಿಯಬೇಕಾದ ಕಡಕ್ ರೊಟ್ಟಿ ಒದ್ದೆ ಬಟ್ಟೆಯ ಹಾಗೆ ಬಾಗಿತು. ಬೂಷ್ಟಿನ ವಾಸನೆ ಮೂಗಿಗೆ ಹೊಡೆಯಿತು. ಆ ವಾಸನೆ ನಾನು ಹಿಂದೆ ಕಂಡದ್ದು ಒಂದೇ ಕಡೆ, ಮಂಗಳೂರಿನ ಒಂದು ಲಾಡ್ಜಿನ ಕೋಣೆಯಲ್ಲಿ. ಊರಿನಿಂದ ಕಟ್ಟಿಕೊಂಡು ಹೋಗಿದ್ದ ರೊಟ್ಟಿಯ ಗಂಟು ಬಿಚ್ಚಿದಾಗ. ನಮ್ಮಲ್ಲಿ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗದ ರೊಟ್ಟಿ ಅಲ್ಲಿಯ ಗಾಳಿಗೆ ಮರುದಿನವೇ ಮೆತ್ತಗಾಗಿತ್ತು. ಇವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ ಎಷ್ಟು ನಕ್ಕಿದ್ದರು...

ಇವರು ಅಂದರೆ ನಮ್ಮ ಮನೆಯವರು. ಟಾಂಗಾ ಹೊಡೆಯುತ್ತಿದ್ದರು. ಗೋಳಗುಮ್ಮಟದ ಹತ್ತಿರ ಗಿಡದ ನೆರಳಿಗೆ ಕುದುರೆ ನಿಲ್ಲಿಸಿಕೊಂಡು, ಊರು ನೋಡಲು ಬಂದವರನ್ನು ಹತ್ತಿಸಿಕೊಂಡು ಎಲ್ಲ ತೋರಿಸಿ ತಂದು ಬಿಡುವುದು ಕೆಲಸ. ಹೊಸದಾಗಿ ಮದುವೆಯಾದ ಜೋಡಿಗಳು ಹಿಂದೆ ಕುಳಿತು ನಗುತ್ತಿದ್ದರೆ, ಇವರು ಮುಂದೆ ಕುಳಿತು ಬಾದಶಹರ ಕತೆ ಹೇಳುತ್ತಿದ್ದರು. ಅರ್ಧ ಖರೆ, ಅರ್ಧ ಇವರದೇ. ನಾವು ಮಾತ್ರ ಎಂದೂ ಎಲ್ಲಿಗೂ ಹೋದವರಲ್ಲ. ಮದುವೆಗೆ ಹೋಗಿದ್ದೆವು, ಮಣ್ಣಿಗೆ ಹೋಗಿದ್ದೆವು, ದೇವರಿಗೆ ಹೋಗಿದ್ದೆವು. ಊರು ನೋಡಲಿಕ್ಕೆಂದೇ ಹೋಗುವುದು ಬೇರೆಯವರ ಕೆಲಸ ಅಂದುಕೊಂಡಿದ್ದೆ.

ಒಂದು ಸಂಜೆ ಟಾಂಗಾದ ಗಾಲಿಯನ್ನು ನಿಂತಿದ್ದ ಗಾಡಿಗೆ ಬಡಿಸಿಕೊಂಡು ಬಂದರು. ಆಮೇಲೆ ಇನ್ನೊಂದು ಸಲ. ಡಾಕ್ಟರು ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಅಂದರು. ಸಂಜೆಯಾದರೆ ಇವರಿಗೆ ಆಗಲೇ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅಂದು ಉಣ್ಣದೆ ಕುದುರೆಯ ಹತ್ತಿರ ಹೋಗಿ ಕುಳಿತರು. ಸ್ವಲ್ಪ ದಿನಕ್ಕೆ ಅದನ್ನು ಮಮದಾಪುರದವರೊಬ್ಬರಿಗೆ ಕೊಟ್ಟರು. ಕುದುರೆ ಹೋದ ಮೇಲೆ ಸಮುದ್ರ ನೋಡಿ ಬರೋಣ ಅಂದರು.

"ನೀರ ನೋಡಾಕ ಅಷ್ಟ ದೂರ ಯಾಕ್ರಿ? ಮಮದಾಪುರದಾಗ ಕೆರಿ ಇಲ್ಲೇನು?" ಅಂದೆ.

"ಕೆರಿಗೆ ಆ ಕಡಿ ದಂಡಿ ಇರತೈತಿ. ದಂಡಿ ಇಲ್ಲದ್ದು ಒಮ್ಮಿ ನೋಡಬೇಕು, ಕಣ್ಣ ಇರೂತನಕ."

ರೊಟ್ಟಿ ಬಡಿಯಲು ಕುಳಿತೆ. ಬಬಲೇಶ್ವರಕ್ಕೆ ಕೊಟ್ಟ ಮಗಳು ಬಂದಿದ್ದಳು, ಈ ವಯಸ್ಸಿನಲ್ಲಿ ಹನಿಮೂನು ಹೊರಟಿದ್ದೀರಿ ಎಂದು ಚಾಷ್ಟಿ ಮಾಡಿದಳು. ಹಿಟ್ಟಿನ ಕೈಯಲ್ಲೇ ಒಂದು ಕೊಟ್ಟೆ.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ತವರು ತಿಕೋಟಾ ಕಡೆಯ ಕಳ್ಳಕವಟಗಿ. ಮದುವೆಯಾಗಿ ಬರುವಾಗ ನಮ್ಮವ್ವ ಹೇಳಿ ಕಳಿಸಿದ್ದು ಒಂದೇ. ಗಂಡನ ಹೆಸರು ಬಾಯಿಗೆ ತರಬೇಡ, ತಂದಷ್ಟು ಸಲ ಅವನ ಆಯುಷ್ಯದಲ್ಲಿ ಒಂದೊಂದು ದಿನ ಕಡಿಮೆಯಾಗುತ್ತದೆ. ಒಡಪಿನಲ್ಲಿ ಹೇಳಿದರೆ ಮಾತ್ರ ದೋಷ ಇಲ್ಲ, ಅಲ್ಲಿ ಹೆಸರು ಹಾಡಿನ ಸಾಲಿನೊಳಗೆ ಸುತ್ತಿಕೊಂಡಿರುತ್ತದೆ. ಹೊಸ ಸೊಸೆ ಹೊಸ್ತಿಲು ದಾಟುವಾಗ ಎಲ್ಲರೂ ಅಡ್ಡ ನಿಂತು ಹೇಳಿಸುತ್ತಾರಲ್ಲ, ಹಾಗೆ ನಾನೂ ಒಂದು ಹೇಳಿ ಒಳಗೆ ಬಂದಿದ್ದೆ. ನಮ್ಮ ಅತ್ತಿ ಕಲಿಸಿದ್ದು. ಆಮೇಲೆ ನಲವತ್ತು ವರ್ಷ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಏನ್ರಿ ಅನ್ನುತ್ತಿದ್ದೆ. ಸಂತೆಯಲ್ಲಿ ಇವರು ಮುಂದೆ, ನಾನು ಹಿಂದೆ. ನಿಲ್ಲಿಸಬೇಕಾದರೆ ಕೈಬಳೆ ಅಲುಗಿಸಿದರೆ ಸಾಕು, ಹೊರಳಿ ನೋಡುತ್ತಿದ್ದರು.

ಮಂಗಳೂರು ಅಂದರೆ ನನಗೆ ಬೆವರು. ಕುಂತರೆ ಬೆವರು, ನಿಂತರೆ ಬೆವರು. ರೊಟ್ಟಿ ಹಾಳಾದ ಮೇಲೆ ದಪ್ಪ ಕೆಂಪು ಅನ್ನ ತಿಂದೆವು. ಪಲ್ಯಕ್ಕೂ ತೆಂಗಿನೆಣ್ಣೆಯ ವಾಸನೆ, ನನಗೆ ತಲೆಗೆ ಹಚ್ಚಿಕೊಂಡದ್ದನ್ನೇ ತಿಂದ ಹಾಗಾಗುತ್ತಿತ್ತು. ಇವರು ಎಲ್ಲದಕ್ಕೂ ಚಲೋ ಐತಿ ಚಲೋ ಐತಿ ಅನ್ನುತ್ತ ತಿಂದರು. ಆಟೋದಲ್ಲಿ ಹಿಂದೆ ಕೂರಲು ಇವರಿಗೆ ಬರಲೇ ಇಲ್ಲ. ಮುಂದೆ ಬಾಗಿ ಬಾಗಿ ಡ್ರೈವರನಿಗೆ ಗುಮ್ಮಟದ ಕತೆ ಹೇಳುವುದು, ಅವನು ಹ್ಞೂಂ ಹ್ಞೂಂ ಅನ್ನುತ್ತ ತಿರುವು ತಪ್ಪಿಸುವುದು. ಕಟೀಲಿಗೆ ಹೋದೆವು, ಹೊಳೆಯ ನಡುವೆ ದೇವಿ. ಮೂಡಬಿದಿರೆಯ ಬಸದಿಯಲ್ಲಿ ಕಂಬಗಳನ್ನು ಕೈಯಿಂದ ಸವರುತ್ತ ಬಹಳ ಹೊತ್ತು ಓಡಾಡಿದರು. ಸುಲ್ತಾನ್ ಬತ್ತೇರಿಯ ಕರಿಕಲ್ಲಿನ ಬುರುಜು ನೋಡಿ, ಇದು ನಮ್ಮೂರ ಉಪ್ಪಲಿ ಬುರುಜಿನ ಮೊಮ್ಮಗ ಅಂದರು. ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿ. ಬೋರ್ಡು ಓದಲು ನನಗೆ ಹೊತ್ತು ಬೇಕು. ನಾನು ಅಕ್ಷರ ಕೂಡಿಸಿ ಮುಗಿಸುವುದರೊಳಗೆ ಗಾಳಿಮರಗಳ ಆಚೆ ಸಮುದ್ರ ಕಂಡಿತು.

ಇವರು ಹಣೆಗೆ ಕೈ ಅಡ್ಡ ಹಿಡಿದು ನೀರಿನ ಕಡೆ ನೋಡಿದರು. ಹೊತ್ತು ಇಳಿಯುತ್ತಿತ್ತು. ಆಮೇಲೆ ಕೇಳಿದರು.

"ಆ ಕಡಿ ದಂಡಿ ಕಾಣತೈತೇನು?"

"ಇಲ್ರಿ."

"ನಿನಗೂ ಕಾಣವಲ್ತಾ?"

"ಇಲ್ರಿ, ಬರೇ ನೀರು."

"ಹಂಗಾರ ಇಬ್ಬರ ಕಣ್ಣೂ ಒಂದ ಆದುವು," ಅಂದು ನಕ್ಕರು.

ಚಪ್ಪಲಿ ಬಿಟ್ಟು ಉಸುಕಿನ ಮೇಲೆ ಕುಳಿತರು. ಚಹಾ ತರುತ್ತೇನೆಂದು ನಾನು ಎದ್ದು ಹೋದೆ. ಅಂಗಡಿ ದೂರ ಇತ್ತು, ಗದ್ದಲ ಇತ್ತು. ತಿರುಗಿ ಬಂದರೆ ಚಪ್ಪಲಿ ಇತ್ತು, ಇವರು ಇರಲಿಲ್ಲ.

ನಲವತ್ತು ವರ್ಷ ಇವರ ಹಿಂದೆಯೇ ನಡೆದವಳು ನಾನು, ಇವರ ಬೆನ್ನು ನನ್ನ ಕಣ್ಣಿಗೆ ಎಂದೂ ತಪ್ಪಿರಲಿಲ್ಲ. ಅಂದು ತಪ್ಪಿತು. ಹೊತ್ತು ಮುಳುಗಿ ಬೆಳಕು ಕಡಿಮೆಯಾಗುತ್ತಿತ್ತು. ಆ ಬೆಳಕಿನಲ್ಲಿ ಇವರಿಗೆ ನೀರು ಯಾವುದು ನೆಲ ಯಾವುದು ತಿಳಿಯುವುದಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಏನ್ರಿ ಎಂದು ಕೂಗಿದೆ. ಸುತ್ತ ಇದ್ದ ಗಂಡಸರೆಲ್ಲ ಹೊರಳಿ ನೋಡಿದರು. ಬಳೆ ಅಲುಗಿಸಿದೆ. ತೆರೆಯ ಸಪ್ಪಳದಲ್ಲಿ ಅದು ನನಗೇ ಕೇಳಿಸಲಿಲ್ಲ. ನೀರಿನ ಕಡೆ ನೋಡಿದೆ... ಬರೇ ತೆರೆ.

ದಂಡೆ ಕಾಯುವವನೊಬ್ಬ ಹಳದಿ ಅಂಗಿ ಹಾಕಿಕೊಂಡು ಮೈಕು ಹಿಡಿದು ನಿಂತಿದ್ದ. ನಡು ವಯಸ್ಸಿನ ಮನುಷ್ಯ. ಓಡಿಹೋಗಿ ಹೇಳಿದೆ.

"ಎಂಥ ಹೆಸರು ಅಮ್ಮ ಅವರದ್ದು?" ಅಂದ.

"ನಮ್ಮ ಮನಿಯವರ್ರಿ."

"ಅದು ಗೊತ್ತಾಯಿತು. ಮನೆಯವರಿಗೆ ಹೆಸರು ಉಂಟಲ್ಲ?"

"ಐತ್ರಿ. ನಾ ಹೇಳಂಗಿಲ್ಲ."

ಅವನು ನನ್ನ ಮುಖ ನೋಡಿದ. ಗಂಡ ಹೆಂಡತಿ ಜಗಳಾಡಿದ್ದಾರೆ ಅಂದುಕೊಂಡನೋ ಏನೋ. ಬಿಳಿ ಧೋತರ, ತಲೆಗೆ ಟೋಪಿ, ದಪ್ಪ ಮೀಸೆ, ಇಷ್ಟು ಹೇಳಿದೆ. ವಿಜಾಪುರದಿಂದ ಬಂದ ಅಜ್ಜ ಎಲ್ಲಿದ್ದರೂ ಇಲ್ಲಿಗೆ ಬರಬೇಕು ಎಂದು ಕೂಗಿದ. ಯಾವ ಅಜ್ಜನೂ ಬರಲಿಲ್ಲ. ಹೆಸರು ಹೇಳಿದರೆ ಸ್ವಂತ ಹೆಸರು ಕಿವಿಗೆ ಬೇಗ ಹೋಗುತ್ತದೆ ಅಮ್ಮ ಅಂದ. ಅವನ ಮಾತು ಖರೆ. ಹೇಳಿದರೆ ಒಂದು ದಿನ ಹೋಗುತ್ತದೆ, ಹೇಳದಿದ್ದರೆ ಇದ್ದ ದಿನಗಳನ್ನೆಲ್ಲ ಆ ನೀರು ಒಯ್ಯುತ್ತದೆ. ಆಗ ಹೊಸ್ತಿಲಿನ ಒಡಪು ನೆನಪಾಯಿತು.

"ಕೊಡ್ರಿ ಇಲ್ಲಿ ಅದನ್ನ," ಎಂದು ಮೈಕು ಕಸಿದುಕೊಂಡೆ.

"ಗುಮ್ಮಟದಾಗ ಒಮ್ಮಿ ಕರದರ ಏಳು ಸಲ ಓ ಅಂತೈತಿ..." ಎಂದು ಶುರು ಮಾಡಿದೆ. ಎರಡನೆಯ ಸಾಲಿನಲ್ಲಿ ಇವರ ಹೆಸರು ಬರುತ್ತದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಮಾತ್ರ ಪೂರಾ ಹೇಳಿದೆ. ದಂಡೆಯ ಮೇಲಿನ ಜನ ನಕ್ಕರು, ಕೆಲವರು ಚಪ್ಪಾಳೆ ತಟ್ಟಿದರು. ಇವರು ಬರಲಿಲ್ಲ. ಇನ್ನೊಮ್ಮೆ ಹೇಳಿದೆ, ಕಡೆಗೆ ಹೆಸರು ಒಡೆದ ದನಿಯಲ್ಲಿ ಬಂತು.

ಆಗ ಗಾಳಿಮರಗಳ ಕಡೆಯಿಂದ ಬಿಳಿ ಧೋತರ ಕಂಡಿತು. ಒಂದೊಂದೇ ಮರ ಹಿಡಿದುಕೊಂಡು ಬರುತ್ತಿದ್ದರು. ಕಾಲುಮಡಿಗೆಂದು ಮರಗಳ ಮರೆಗೆ ಹೋದವರು ದಾರಿ ಕಾಣದೆ ಅಲ್ಲೇ ಕುಳಿತಿದ್ದರಂತೆ. ಅಜ್ಜ ಅಂದಾಗ ಯಾವನೋ ಮುದುಕ ಕಳೆದಿದ್ದಾನೆ ಅಂದುಕೊಂಡರಂತೆ.

"ಮೊದಲನೇ ಸಲ ಹೇಳಿದ್ದು ಕೇಳಸಲಿಲ್ಲೇನ್ರಿ?" ಅಂದೆ.

"ಕೇಳಸ್ತು."

"ಮತ್ತ ಏಳಾಕ ಏನಾಗಿತ್ತು?"

"ಇನ್ನೊಮ್ಮಿ ಹೇಳತಿ ಏನು ಅಂತ ಕುಂತಿದ್ದೆ."

ದೋಣಿ ಹತ್ತುವತನಕ ಬಾಯಿಗೆ ಬಂದಂತೆ ಬೈದೆ. ಅಷ್ಟು ಜನರೆದುರು ಇವರ ಮುಂಗೈ ಹಿಡಿದು ನಾನು ಮುಂದೆ ನಡೆದೆ. ಅಲ್ಲಿಂದ ಕಡೆಯತನಕ ನಾನೇ ಮುಂದೆ, ಇವರೇ ಹಿಂದೆ.

ಎರಡು ವರ್ಷಕ್ಕೆ ಕಣ್ಣು ಪೂರಾ ಹೋದವು. ಕಟ್ಟೆಯ ಮೇಲೆ ಕುಳಿತು, ಬಂದವರಿಗೆ ಸಮುದ್ರದ ಕತೆ ಹೇಳುತ್ತಿದ್ದರು. ಅದೂ ಅರ್ಧ ಖರೆ, ಅರ್ಧ ಇವರದೇ. ಯಾರೂ ಇಲ್ಲದಾಗ ಮಾತ್ರ, ಲೇ, ಆ ಒಡಪು ಒಮ್ಮಿ ಹೇಳ, ಅನ್ನುತ್ತಿದ್ದರು. ಮೈಕ್ ತರ್ರಿ, ಹೇಳತೀನಿ, ಅನ್ನುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ಹೇಳಲಿಲ್ಲ. ಒಡಪಿನಲ್ಲಿ ದೋಷ ಇಲ್ಲ ಅನ್ನುತ್ತಾರೆ. ಖರೆಯೋ ಸುಳ್ಳೋ ಯಾರು ನೋಡಿ ಬಂದಿದ್ದಾರೆ? ಅಂದು ದಂಡೆಯ ಮೇಲೆ ಎರಡು ಸಲ ಹೇಳಿದ್ದು ನನ್ನ ಹೊಟ್ಟೆಯಲ್ಲಿ ಕುಳಿತೇ ಇತ್ತು.

ಹೋದ ವರ್ಷ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಈಗ ಮನೆಯಲ್ಲಿ ಏನ್ರಿ ಅನ್ನಿಸಿಕೊಳ್ಳುವವರು ಯಾರೂ ಇಲ್ಲ. ಒಮ್ಮೊಮ್ಮೆ ಬಾಯಿಗೆ ಬರುತ್ತದೆ, ಅಲ್ಲೇ ತಡೆಯುತ್ತೇನೆ...

ಮಣ್ಣು ಮಾಡಿದ ಮರುದಿನ ನಸುಕಿಗೆ ಎದ್ದಿದ್ದೆ. ಮಗಳು ಇನ್ನೂ ಮಲಗಿದ್ದಳು. ಹಿತ್ತಲಿಗೆ ಹೋಗಿ ಒಲೆಗೆ ಉರಿ ಹಾಕಿ, ನೀರು ಕಾಯುವತನಕ ಎದುರಿಗೆ ಕುಳಿತೆ. ಇವರ ಆಯುಷ್ಯದಲ್ಲಿ ಇನ್ನು ಕಡಿಮೆಯಾಗಲು ಒಂದು ದಿನವೂ ಉಳಿದಿರಲಿಲ್ಲ. ಒಡಪು ಗಿಡಪು ಏನೂ ಇಲ್ಲದೆ, ಬರೀ ಹೆಸರು ಹಿಡಿದು ಕರೆದೆ. ಸ್ವಲ್ಪ ತಡೆದು ಇನ್ನೊಮ್ಮೆ ಕರೆದೆ. ಆಮೇಲೆ ನೀರು ಇಳಿಸಿ ಮೈ ತೊಳೆದುಕೊಂಡೆ.