ಜೋಳದ ಚೀಲಗಳ ಹಿಂದೆ ಇಟ್ಟ ಕಪ್ಪುಗಳು

ಮಾದೇವಕ್ಕನಿಗೆ ಮರೆವು ಬಂದಿರಲಿಲ್ಲ. ಕಪ್ಪುಗಳ ಚೀಲ ಬಚ್ಚಿಟ್ಟವಳು ನಾನು — ನಾಲ್ಕು ವರ್ಷ ತುಟಿ ಬಿಚ್ಚದೆ ಕೂತವಳೂ ನಾನೇ.

ಮಾನ್ವಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಕಾರ್ಯ ಮುಗಿದರೂ ಮರುದಿನ ಗಟಾರದ ತುಂಬ ಪೇಪರ್ ಕಪ್ಪು. ನೋಡಿ ನೋಡಿ ಬೇಸತ್ತ ಎದುರುಮನೆಯ ಮಾದೇವಕ್ಕ ಮನೆಮನೆ ತಿರುಗಿ ಸ್ಟೀಲ್ ಕಪ್ಪು ಕೂಡಿಸಿದರು. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೆತ್ತಿತ್ತು. ಕಾರ್ಯದ ಮನೆಗೆ ಚೀಲ ಮುಟ್ಟಿಸುವುದು, ತೊಳೆಸಿ ತರುವುದು ಅವರದೇ ಉಸ್ತುವಾರಿ. ನಾನೂ ಬಾಯ್ತುಂಬ ಹೊಗಳಿದ್ದೆ — ಬೇರೆಯವರ ಮನೆಯ ಕಾರ್ಯ ಇರುವವರೆಗೆ.

ಮಗಳು ರೂಪಾಳ ನಿಶ್ಚಯಕ್ಕೆ ಶಕ್ತಿನಗರದಿಂದ ಬೀಗರು ಬರುವವರಿದ್ದರು. ಇಂಜಿನಿಯರ್ ಮನೆತನ! ಅವರ ಕೈಗೆ ಊರವರ ಹೆಸರಿನ ಕಪ್ಪು ಕೊಡುವುದೇ? ಹಿಂದಿನ ದಿನ ಮಾದೇವಕ್ಕ ಪಡಸಾಲೆಯಲ್ಲಿ ಚೀಲ ಇಟ್ಟು, ಕೂಗಿ ಹೇಳಿ ಹೋದರು. ಒಳಗಿದ್ದ ನನಗೆ ಕೇಳಿಸಿತು — ಓಗೊಡಲಿಲ್ಲ. ಚೀಲವನ್ನು ಎಳೆದು ಜೋಳದ ಚೀಲಗಳ ಹಿಂದೆ ತಳ್ಳಿದೆ. ಬೆಳಿಗ್ಗೆ ಅಂದೆ: "ಚೀಲ ಬಂದೇ ಇಲ್ಲಲ್ರೀ ಅಕ್ಕಾ. ಎಲ್ಲ್ಯರ ಇಟ್ಟು ಮರತೀರೇನು?"

ಪೇಪರ್ ಕಪ್ಪು ತರಿಸಿದೆ. ಕುದಿಯುವ ಚಹಾಕ್ಕೆ ಕಪ್ಪು ಮೆತ್ತಗಾಗಿ ಬೀಗರ ಬಿಳಿ ಪ್ಯಾಂಟಿನ ಮೇಲೆ ಸುರಿಯಿತು. ಪಾಪ, ನಿಶ್ಚಯದ ಮನೆಯಲ್ಲಿ ಮೊದಲು ಕುಣಿದವರು ಅವರೇ. ಆಗಲೂ ನನಗೆ ಬುದ್ಧಿ ಬರಲಿಲ್ಲ. ಎಂಟು ದಿನ ಬಿಟ್ಟು ಚೀಲವನ್ನು ಮಾದೇವಕ್ಕನ ಹಿತ್ತಲಿನ ಕಟ್ಟಿಗೆಯ ಹಿಂದೆಯೇ ಇಟ್ಟು ಬಂದೆ.

ತಮ್ಮ ಹಿತ್ತಲಲ್ಲೇ ಅದು ಸಿಕ್ಕ ಮೇಲೆ ತಮಗೆ ಮರೆವು ಬಂದಿದೆ ಎಂದೇ ಅವರು ನಂಬಿಬಿಟ್ಟರು. ನೆನಪಿಗೆಂದು ಸೆರಗಿಗೆ ಗಂಟು ಹಾಕತೊಡಗಿದರು — ಹಾಲಿಗೊಂದು, ಗ್ಯಾಸಿಗೊಂದು. "ನನ್ನ ತಲಿ ಮ್ಯಾಲ ನನಗ ಭರೋಸಾ ಇಲ್ಲ" ಎಂದು ಕಪ್ಪುಗಳನ್ನು ಬೇರೆಯವರಿಗೆ ಒಪ್ಪಿಸಿದರು. ಇಳಿಯುವುದನ್ನೇ ಮರೆತರೆ ಎಂಬ ಅಂಜಿಕೆಗೆ, ದೇವದುರ್ಗದ ಮಗಳ ಮನೆಗೆ ಒಬ್ಬರೇ ಬಸ್ಸು ಹತ್ತುವುದನ್ನೂ ಬಿಟ್ಟರು. ಇದೆಲ್ಲ ನೋಡುತ್ತಲೇ ನಾನು ಅವರ ಕಟ್ಟೆಯ ಮೇಲೆ ಕೂತು ಹರಟಿದೆ, ಊಟ ಮಾಡಿದೆ...

ಹೋದ ತಿಂಗಳು ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಸ್ಟೀಲ್ ಕಪ್ಪೇ ಬೇಕೆಂದು ರೂಪಾಳ ಹಟ. ಬೀಗತಿ ಕಪ್ಪಿನ ಮೇಲಿನ ಹೆಸರು ಓದಿ ಹಿಗ್ಗಿದರು: "ಎಷ್ಟ್ ಛಲೋ ಅದರೀ! ನಮ್ಮ ಕಾಲನಿಯಾಗೂ ಹಿಂಗ ಮಾಡಬೇಕು. ಯಾರು ಶುರು ಮಾಡಿದ್ದು?"

"ನಾನರೀ," ಎಂದರು ಮಾದೇವಕ್ಕ ಸಣ್ಣಗೆ. "ಈಗ ಮರವು ಬಂದದ, ಬಿಟ್ಟೀನಿ."

ನನಗೆ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಹೇಳಿಬಿಟ್ಟೆ — ಜೋಳದ ಚೀಲ, ಕಟ್ಟಿಗೆ, ಎಲ್ಲ.

ಇನ್ನು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಮಾದೇವಕ್ಕ ಕಪ್ಪು ಕೆಳಗಿಟ್ಟರು. ಆಮೇಲೆ ತೊಟ್ಟಿಲ ಕೂಸು ಬೆಚ್ಚಿ ಏಳುವ ಹಾಗೆ ನಕ್ಕರು. "ಹಂಗಾರ ನನ್ನ ತಲಿ ನೆಟ್ಟಗ ಅದ ಬೇ, ಶಾಂತಾ! ನೆಟ್ಟಗ ಅದ!" ಬೀಗರು ಪ್ಯಾಂಟಿನ ಕಥೆ ತೆಗೆದರು, ಇಡೀ ಮನೆ ನಕ್ಕಿತು. ಅಕ್ಕ ನಗುನಗುತ್ತಲೇ ಸೆರಗಿನ ಗಂಟು ಬಿಚ್ಚುತ್ತಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸಂತೋಷ ನೋಡಿದಾಗಲೇ ನಾನು ಕಸಿದದ್ದು ಎಷ್ಟೆಂದು ತಿಳಿದದ್ದು.

ಮರುದಿನ ಅವರು ಒಬ್ಬರೇ ದೇವದುರ್ಗಕ್ಕೆ ಹೊರಟರು. ಕಳಿಸಲು ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಕಿಟಕಿಯಿಂದ ಕೈಬೀಸಿ, "ಇಳಿಯೋದು ನೆನಪದ, ನೀ ಮನೀಗಿ ಹೋಗು" ಎಂದರು. ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ. ಆ ನಾಲ್ಕು ವರ್ಷವೂ ಆ ಬಸ್ಸು ದಿನಾ ಹೋಗುತ್ತಲೇ ಇತ್ತು — ಅಕ್ಕನನ್ನು ಬಿಟ್ಟು.