ಮೇಡಂ ಓದಬೇಕಿದ್ದ ಕವಿತೆಗಳು

ಮೈಕಿನ ಮುಂದೆ ನಿಲ್ಲುವ ಮೊದಲು ನಮ್ಮ ಮೇಡಂ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯತ್ತ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಬಳೆಯ ಸದ್ದು ಮಾತಿಗೆ ಅಡ್ಡ ಬರಬಾರದೆಂದು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಮುಂಗೈ ಮೇಲೆ ಕೆಂಪು ಗೆರೆಗಳು ಮೂಡಿರುತ್ತಿದ್ದವು.

ಹುಮನಾಬಾದಿನಲ್ಲಿದ್ದ ನಮ್ಮ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಅವರು ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹೊರಗಿನವರನ್ನು ಕರೆಸಿ ಉಪನ್ಯಾಸವನ್ನೋ ಕವಿತಾವಾಚನವನ್ನೋ ಇಡುತ್ತಿದ್ದರು. ಮೊದಲ ಪ್ರಶ್ನೆ ವಿದ್ಯಾರ್ಥಿಗಳಿಂದಲೇ ಬರಬೇಕು. ಬಾರದಿದ್ದರೆ ಮೇಡಂ ಕೈಕಟ್ಟಿ ಕುಳಿತುಬಿಡುತ್ತಿದ್ದರು. ಊರಿನ ಬಸ್ಸು ತಪ್ಪಿದರೂ ಸರಿ, ಯಾರೂ ಏಳುವಂತಿರಲಿಲ್ಲ.

ನಾನು ಕೊಹಿನೂರ ಎಂಬ ಹಳ್ಳಿಯವನು, ಕನ್ನಡ ಶಾಲೆಯಲ್ಲಿ ಓದಿದವನು. ಮೊದಲ ಸಲ ಅತಿಥಿಯೊಬ್ಬರನ್ನು ಪರಿಚಯಿಸಲು ನಿಂತಾಗ ‘ಸ್ಕೂಲ್’ ಎಂಬುದು ನನ್ನ ಬಾಯಲ್ಲಿ ‘ಇಸ್ಕೂಲ್’ ಆಯಿತು. ಸಭೆ ನಕ್ಕಿತು. ಓದುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟೆ. ಮೇಡಂ ಎದ್ದು ಬಂದು ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ನಕ್ಕವರು ಎದ್ದು ನಿಂದರ್ರಿ. ಉಳದದ್ದು ನೀವ ಓದ್ರಿ.”

ಯಾರೂ ಏಳಲಿಲ್ಲ.

“ಓದೋ ತಮ್ಮಾ, ನಾ ಇಲ್ಲೇ ನಿಂತೀನಿ” ಎಂದರು. ನಾನು ಮುಗಿಸುವವರೆಗೂ ಪಕ್ಕದಲ್ಲಿಯೇ ನಿಂತಿದ್ದರು.

ಮುಂದೆ ನಾನು ಅದೇ ವಿಭಾಗದಲ್ಲಿ ಅಧ್ಯಾಪಕನಾದೆ. ಮೇಡಂ ನಿವೃತ್ತರಾಗಿ ಬಸವಕಲ್ಯಾಣದ ತಂಗಿಯ ಮನೆಯಲ್ಲಿ ಉಳಿದರು. ಶನಿವಾರದ ಕಾರ್ಯಕ್ರಮ ನನ್ನ ಪಾಲಿಗೆ ಬಂತು. ಒಂದು ದಿನ ಅವರ ಫೋನು ಬಂತು. ದನಿಯಲ್ಲಿ ನಾನೆಂದೂ ಕೇಳದ ಸಂಕೋಚ.

“ಇಷ್ಟು ವರ್ಷ ಬರದದ್ದು ಒಂದಿಷ್ಟು ಕವಿತಾ ಅವ. ನಮ್ಮ ಮಾತಿನ್ಯಾಗ ಬರದೀನಿ, ಇಂಗ್ಲಿಷಿಗೂ ನಾನ ಮಾಡೀನಿ. ಯಾವಾಗರ ಒಮ್ಮೆ ಓದಲೇನು?”

“ಅದಕ್ಕೇನ್ ಕೇಳ್ತೀರಿ ಮೇಡಂ! ಮುಂದಿನ ತಿಂಗಳಾ ಇಡೂಣ್ರಿ” ಎಂದೆ.

ಆ ತಿಂಗಳು ಹೈದರಾಬಾದಿನ ವಿಮರ್ಶಕರೊಬ್ಬರು ಬರಲು ಒಪ್ಪಿದರು. ಅದರ ಮುಂದಿನ ತಿಂಗಳು ಪುಣೆಯವರು. ಹೆಸರಿದ್ದವರು ಬಂದರೆ ವಿಭಾಗಕ್ಕೆ ಒಳ್ಳೆಯದೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆಯಿತ್ತು. ಆ ಕವಿತೆಗಳು ಚೆನ್ನಾಗಿರಲಿಕ್ಕಿಲ್ಲ, ನಾನು ಮುಜುಗರಪಡಬೇಕಾದೀತು ಎಂದು ಒಂದು ಸಾಲೂ ನೋಡದೆ ತೀರ್ಮಾನಿಸಿಬಿಟ್ಟಿದ್ದೆ.

ಕೊನೆಗೊಮ್ಮೆ ಅವರಿಗೊಂದು ಶನಿವಾರ ಕೊಟ್ಟೆ. ಹಿಂದಿನ ದಿನ, ವಿದ್ಯಾರ್ಥಿಗಳೆಲ್ಲ ಪ್ರವಾಸಕ್ಕೆ ಹೊರಟಿದ್ದಾರೆಂದು ತಿಳಿದು, ಕಾರ್ಯಕ್ರಮ ರದ್ದೆಂದು ವಿಭಾಗದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಮೇಡಂ ಆ ಗುಂಪಿನಲ್ಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಸೋಮವಾರ ನಮ್ಮ ಜವಾನರು ಹೇಳಿದರು: “ಶನಿವಾರ ಮೇಡಮ್ಮೋರು ಬಂದಿದ್ರು ನೋಡ್ರಿ. ಹಾಲಿಗಿ ಕೀಲಿ ಹಾಕಿತ್ತು. ಮೆಟ್ಟಲ ಮ್ಯಾಲ ತಾಸೊತ್ತು ಕುಂತ್ರು. ನಿಮಗ ಫೋನ್ ಮಾಡ್ಲೇನ್ರಿ ಅಂದೆ. ‘ಬ್ಯಾಡಪ್ಪ, ಅವನಿಗಿ ಕೆಲಸ ಇರ್ತಾವ’ ಅಂದ್ರು.”

ಅಂದೇ ಸಂಜೆ ಬಸವಕಲ್ಯಾಣಕ್ಕೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮೇಡಂ ಚಹಾ ಕೊಟ್ಟು, “ಹೊಸ ಸಿಲೆಬಸ್ ಹ್ಯಾಂಗದ?” ಎಂದು ಕೇಳಿದರು. ಸಿಲೆಬಸ್ಸಿನ ಬಗ್ಗೆಯೇ ಮಾತಾಡುತ್ತ ಕುಳಿತೆ. ಕವಿತೆಯ ವಿಷಯ ಅವರು ಎತ್ತಲಿಲ್ಲ, ಎತ್ತಬೇಕಾದ ನಾನೂ ಎತ್ತಲಿಲ್ಲ. ಹೊರಟಾಗ ಗೇಟಿನವರೆಗೆ ಬಂದು, “ಬಸ್ ಸಿಗ್ತದ, ಗಡಬಡ ಮಾಡಬ್ಯಾಡ” ಎಂದರು.

ದೀಪಾವಳಿಗೆ ಮುಂಚೆ ಹೃದಯಾಘಾತದಿಂದ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಅವರ ತಂಗಿ ನನ್ನ ಗುರುತು ಹಿಡಿದು ಹತ್ತಿರ ಕರೆದರು.

“ಆ ಶನಿವಾರ ಹೋಗೂ ಮುಂದ ನನ್ನ ಕುಂಡ್ರಿಸಿ ಎಲ್ಲಾ ಓದಿ ತೋರ್ಸಿದ್ಳು. ‘ಅವನಿಗಿ ಚಂದ ಅನಸ್ತಾವೇನು?’ ಅಂತ ಮೂರು ಸಲ ಕೇಳಿದ್ಳು.”